ನಾನು ಧೂಳೆಂದ ಬೆಳಕು

ಅರ್ಥವಾಗದ್ದೇನಾದರೂ ಕಣ್ಣಿಗೆ ಬಿದ್ದರೆ ‘ಉಪಕರಣದ ದೋಷ’ ಎಂದು ಹೇಳಿ ಚಹಾ ಕುಡಿಯಲು ಹೋಗುವುದು ನಮ್ಮ ಭೌತಶಾಸ್ತ್ರದ ಮೇಷ್ಟ್ರುಗಳ ಹಳೆಯ ಚಾಳಿ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಚಾಳಿ ಮನೆಯಲ್ಲೂ ಅಂಟಿಕೊಂಡಿತ್ತು. ಮಿಕ್ಸಿ ಕೆಟ್ಟರೂ, ಹೆಂಡತಿ ಮುನಿಸಿಕೊಂಡರೂ, ದೋಷ ನನ್ನದಲ್ಲ ಎಂಬುದರಲ್ಲಿ ನನಗೆ ಅನುಮಾನವೇ ಇರುತ್ತಿರಲಿಲ್ಲ.

ರಾಯದುರ್ಗದ ನಮ್ಮ ಮನೆಯ ಮಾಳಿಗೆ ಮೇಲೆ ಒಂದು ಸಣ್ಣ ದೂರದರ್ಶಕವಿದೆ. ಅದರ ಹಿಂದೆ ನಾನೇ ಜೋಡಿಸಿದ ಒಂದು ಪೆಟ್ಟಿಗೆ. ಬಿಸಿಲು ಅದರ ಸೀಳುಕಂಡಿಯಲ್ಲಿ ನುಗ್ಗಿ ಬಣ್ಣಬಣ್ಣವಾಗಿ ಹರಡುತ್ತದೆ, ನಡುನಡುವೆ ಕಪ್ಪು ಗೆರೆಗಳು. ನೇರಳೆಯ ತುದಿಯಲ್ಲಿರುವುದು ಕ್ಯಾಲ್ಸಿಯಂನ ಅಗಲವಾದ ಗೆರೆ. ಸೂರ್ಯನನ್ನು ಸೀಳುಕಂಡಿಯ ಮೇಲೆ ಸರಿಸುತ್ತ, ಆ ಗೆರೆಯ ಬೆಳಕಿನಲ್ಲಷ್ಟೇ ಪಟ್ಟಿಪಟ್ಟಿಯಾಗಿ ಅವನ ಚಿತ್ರ ತೆಗೆದರೆ, ದಿನವೂ ಕಾಣುವ ಮೇಲ್ಮೈಗಿಂತ ಮೇಲಿರುವ ವರ್ಣಗೋಳ ಕಾಣುತ್ತದೆ. ಕಾಂತಬಲ ಹೆಚ್ಚಿದ ಕಡೆ ಅಲ್ಲಿ ಬೆಳ್ಳನೆಯ ತೇಪೆಗಳು ಹೊಳೆಯುತ್ತವೆ. ಹೀಗೆಲ್ಲ ವಿವರಿಸುವವನು ನಾನು. ನಿಜವಾಗಿ ಗೆರೆ ಹಿಡಿಯುತ್ತಿದ್ದವಳು ನನ್ನ ಹೆಂಡತಿ ವಿಮಲೆ. ನೇರಳೆಯ ಆ ತುದಿ ನನ್ನ ವಯಸ್ಸಾದ ಕಣ್ಣಿಗೆ ಬರೀ ಕತ್ತಲೆ. ಮಡಕಶಿರಾ ಕಡೆಯ ರೊಳ್ಳದವಳಾದ ಅವಳು ಓದಿದ್ದು ಹತ್ತನೆಯ ತರಗತಿ. ತಿರುಪು ತಿರುಗಿಸಿ, “ಸಿಕ್ತು ಕಣ್ರೀ” ಎನ್ನುತ್ತಿದ್ದಳು.

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಈರಮ್ಮನವರು ಒಮ್ಮೆ, “ಯಾಕ್ರಿ ಸಾರ್, ಸೂರ್ಯಗ ಏನಾಗೇತ್ರಿ? ದಿನಾ ತಪಾಸಣಿ ಮಾಡ್ತೀರಲ್ರಿ?” ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ವಿಮಲೆ, “ಸೂರ್ಯ ಚೆನ್ನಾಗವ್ನೆ ಈರಮ್ಮಾರೆ, ಇವರಿಗೇ ಮನೇಲಿ ಕೂರಕಾಗಲ್ಲ” ಎಂದಿದ್ದಳು.

ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಚಿತ್ರ ಮೂಡಿದಾಗ ಅವಳು ಒಂದು ಕಡೆ ಬೆರಳಿಟ್ಟಳು. “ಇಲ್ಲಿ ಹೊಸದಾಗಿ ಬೆಳ್ಳಗೈತೆ ನೋಡ್ರಿ.” ಅಂದು ಅಲ್ಲಿ ಸೂರ್ಯಕಲೆಯೇ, ಎಂದರೆ ಕಾಂತಬಲ ಒತ್ತಾಗಿರುವ ಕಪ್ಪು ಚುಕ್ಕೆಯೇ, ಇರಲಿಲ್ಲ. ಕಲೆಯಿಲ್ಲದ ಕಡೆ ಹೊಳಪೆಲ್ಲಿಂದ ಬರಬೇಕು? “ಸೀಳುಕಂಡೀಲಿ ಧೂಳು ಕೂತಿದೆ, ಒರೆಸು” ಎಂದೆ.

“ಧೂಳಾದ್ರೆ ಚಿತ್ರದ ಉದ್ದಕ್ಕೂ ಗೆರೆ ಬೀಳಬೇಕಲ್ವಾ? ಹಿಂಗೆ ಮಚ್ಚೆ ಆಗ್ತದಾ?”

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ವಿದ್ಯಾರ್ಥಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಅವಳಿಗೆ ಮಾತ್ರ, “ನನಗೆ ಪಾಠ ಹೇಳಬೇಡ” ಎಂದು ರೇಗಿದೆ. ಅವಳು ಬಟ್ಟೆ ಮಡಿಸಲು ಕೆಳಗಿಳಿದು ಹೋದಳು. ಮರುದಿನ ನಾನು ಪರೀಕ್ಷಾ ಕೆಲಸಕ್ಕೆಂದು ಎರಡು ದಿನದ ಮಟ್ಟಿಗೆ ಅನಂತಪುರಕ್ಕೆ ಹೋದೆ. ಆ ಮಾತು ಮತ್ತೆ ಏಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಲೆನೋವೆಂದು ಮಲಗಿದ ವಿಮಲೆ ಮೇಲೇಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ.

ದೂರದರ್ಶಕಕ್ಕೆ ಗೋಣಿಚೀಲ ಹೊದಿಸಿಬಿಟ್ಟೆ. ಕಳೆದ ತಿಂಗಳು ಕಂಪ್ಯೂಟರಿನಲ್ಲಿ ಅವಳ ಫೋಟೊ ಹುಡುಕುತ್ತಿದ್ದಾಗ, ನಾನು ಊರಲ್ಲಿಲ್ಲದ ಆ ಎರಡು ದಿನ ಅವಳೊಬ್ಬಳೇ ತೆಗೆದಿಟ್ಟಿದ್ದ ಸೂರ್ಯನ ಚಿತ್ರಗಳು ಸಿಕ್ಕವು. ಅದೇ ಮಚ್ಚೆ. ಸೂರ್ಯ ತಿರುಗಿದಷ್ಟೇ ಅದೂ ಸರಿದಿತ್ತು, ಇನ್ನಷ್ಟು ಹರಡಿತ್ತು. ಎರಡನೆಯ ದಿನ ಅದರ ನಡುವೆ ಸಾಸಿವೆಯಷ್ಟು ಕಲೆಯೂ ಹುಟ್ಟಿತ್ತು. ಕಲೆ ಕಾಣುವ ಮೊದಲೇ ವರ್ಣಗೋಳ ಹೇಳಿದ್ದ ಸುದ್ದಿಯನ್ನು ಅವಳು ಕೇಳಿಸಿಕೊಂಡಿದ್ದಳು. ನಾನು ಒರೆಸು ಎಂದಿದ್ದೆ.

ತಡೆಯಲಾಗಲಿಲ್ಲ. ಚಿತ್ರಗಳನ್ನು ಅಚ್ಚು ಹಾಕಿಸಿಕೊಂಡು ಬಸ್ಸು ಹತ್ತಿ ರೊಳ್ಳಕ್ಕೆ ಹೋದೆ. ವಿಮಲೆಯ ತಾಯಿ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಎಲ್ಲ ವಿವರಿಸಿ, “ಅವಳು ಹೇಳಿದ್ದೇ ಸರಿ ಅತ್ತೆ, ತಪ್ಪು ನಂದು” ಎಂದೆ.

ಅತ್ತೆ ಕೈ ಒರೆಸಿಕೊಂಡು ಚಿತ್ರವನ್ನು ತುಂಬ ಹೊತ್ತು ನೋಡಿದರು. “ಗೊತ್ತು ಅಳಿಯಂದ್ರೆ. ಅವತ್ತು ಫೋನ್ ಮಾಡಿದ್ಲು. ‘ಕಲೆ ಬಂದೈತೆ ಕಣಮ್ಮಾ, ನಾನೇ ಹೇಳಿದ್ರೆ ಅವರಿಗೆ ಎರಡು ದಿನ ಊಟ ಸೇರಲ್ಲ, ಅವರೇ ನೋಡ್ಕೊಳ್ಳಲಿ ಅಂತ ಸುಮ್ನಿದೀನಿ’ ಅಂದ್ಲು. ನಗ್ತಾ ಇದ್ಲು.”

ನಾನು ನೋಡಿಕೊಳ್ಳಲೆಂದು ಅವಳು ನಾಲ್ಕು ತಿಂಗಳು ಕಾದಿದ್ದಳು. ಅತ್ತೆ ತಟ್ಟೆ ಹಾಕಿ ಮುದ್ದೆ, ಹುರುಳಿ ಸಾರು ಬಡಿಸಿದರು. ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ. ಆ ಲೆಕ್ಕದಲ್ಲೂ ಅವಳೇ ಸರಿಯಾಗಿದ್ದಳು.