ದೊಡ್ಡಪ್ಪನ ಜೊತೆ ವಿಶ್ರಾಂತಿ

ನಮ್ಮ ದೊಡ್ಡಪ್ಪನಷ್ಟು ಒಳ್ಳೆಯವರು ಇಡೀ ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಆದರೆ ಆ ಒಳ್ಳೆಯತನವನ್ನು ನಾಲ್ಕು ಮೈಲಿ ದೂರ ನಿಂತು ನೋಡಬೇಕು! ಒಂದೇ ಕೋಣೆಯಲ್ಲಿ ಅವರ ಜೊತೆ ಇದ್ದು ಬಂದವನ ಮಾತು ಇದು, ನಂಬಿ.

ಆ ವರ್ಷ ನನಗೆ ಇಪ್ಪತ್ತೊಂದು ದಿನದ ಜ್ವರ ಬಂದು ಬಿಟ್ಟಿತ್ತು. ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತ ನಾನು. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. "ಮಡಿಕೇರಿಯಂಥ ತಂಪು ಜಾಗದಲ್ಲಿ ಎಂಟು ದಿನ ಸುಮ್ಮನೆ ಮಲಗಿ. ನಿದ್ದೆಯೇ ಔಷಧಿ. ಜ್ವರ ಮರುಕಳಿಸಿದರೆ ಕಷ್ಟ," ಎಂದರು ಡಾಕ್ಟರು. ಒಬ್ಬನೇ ಹೋಗಕೂಡದೆಂದು ಅಮ್ಮ ಕೊಣನೂರಿನ ದೊಡ್ಡಪ್ಪನಿಗೆ ಕಾಗದ ಹಾಕಿಸಿದಳು. ಬಸ್ಸು ಕೊಣನೂರಲ್ಲಿ ನಿಂತಾಗ ಅವರು ಎರಡು ಚೀಲ, ಒಂದು ಕುಂಬಳಕಾಯಿ ಸಮೇತ ಹತ್ತಿದರು.

"ಇದೆಲ್ಲ ಯಾಕೆ ದೊಡ್ಡಪ್ಪ?"

"ಇನ್ನೊಬ್ರ ಮನೇಲಿ ಎಂಟ್ ದಿನ ಉಳಿಯಕ್ಕೆ ಓಯ್ತಿದೀವಿ ಕಣ್ಲಾ. ಬರಿಗೈಲಿ ಓಗಾಕಾಯ್ತದಾ?"

"ಅದು ಮನೆಯಲ್ಲ, ಹೋಟ್ಲು! ದುಡ್ಡು ಕೊಡ್ತೀವಿ!"

"ದುಡ್ ಕೊಟ್ಟೇಟ್ಗೆ ಮರ್ವಾದೆ ಬುಟ್ಬುಡದಾ?"

ನಾನು ಕಿಟಕಿಗೆ ಒರಗಿ ಕಣ್ಣು ಮುಚ್ಚಿಕೊಂಡೆ.

ಗುಡ್ಡದ ಮೇಲಿನ ಸಣ್ಣ ಹೋಟೆಲು ಅದು, ಹತ್ತು ಕೋಣೆ. ಸ್ಪ್ರಿಂಗ್ ಮಂಚ, ಆಳಿಗೆ ಎರಡೆರಡು ಕಂಬಳಿ, ಬೆಳಗಾದರೆ ಬಾಗಿಲಿಗೇ ಬಿಸಿನೀರು. ಮಂಚ ನೋಡಿಯೇ ನನಗೆ ಆಕಳಿಕೆ ಬಂತು. ದೊಡ್ಡಪ್ಪ ಮಾತ್ರ ಕುಂಬಳಕಾಯಿಯನ್ನು ಯಜಮಾನರ ಮೇಜಿನ ಮೇಲಿಟ್ಟು, "ಮನೇಲಿ ಎಲ್ರೂ ಚೆಂದಾಗವ್ರಾ?" ಎಂದರು. ಪಾಪ, ಅವರು ರಿಜಿಸ್ಟರಿನಲ್ಲಿ ಕುಂಬಳಕಾಯಿಗೆ ಕಾಲಂ ಹುಡುಕುತ್ತಿದ್ದರು.

ಊಟಕ್ಕೆ ಕೂತೆವು. ಎಲೆ ಹಾಕಿ ಬಡಿಸಿದರು. ದೊಡ್ಡಪ್ಪ ಕೈ ಕಟ್ಟಿಕೊಂಡು ಕೂತರು.

"ಯಜಮಾನ್ರು ಬರ್ಲಿ. ಮನೆಯೋರ್ನ ಬುಟ್ಟು ನಾವು ಉಣ್ಣಾಕಾಯ್ತದಾ?"

ಬಡಿಸುವವನು ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ಸಾರು ಆರಿತು. ಕೊನೆಗೆ ಯಜಮಾನರೇ ಬಂದು ಪಕ್ಕದಲ್ಲಿ ಕೂತು, "ಇಷ್ಟು ವರ್ಷದಲ್ಲಿ ನನ್ನ ಊಟ ಆಯ್ತಾ ಅಂತ ಕೇಳಿದ ಗಿರಾಕಿ ನೀವೊಬ್ಬರೇ," ಎಂದರು. ಮೂರನೇ ದಿನಕ್ಕೆ ಅವರೇ ಎಲೆ ಮುಂದೆ ಕೂತು ನಮ್ಮನ್ನು ಕಾಯತೊಡಗಿದರು. ಸಂಕೋಚಪಟ್ಟೂ ಪಟ್ಟೂ ನಾನು ಸುಸ್ತಾದೆ.

ಅಯ್ಯೋ, ಅದೆಲ್ಲ ಹೋಗಲಿ, ನಿದ್ದೆ? ಮಧ್ಯಾಹ್ನ ಕಂಬಳಿ ಹೊದ್ದು, ಹಾಯ್ ಎನ್ನುವಷ್ಟರಲ್ಲಿ ಭುಜ ಅಲುಗಾಡಿಸುತ್ತಿದ್ದರು.

"ಲೇ, ಮನೀಕಂಡ್ಯಾ?"

"ಮಲಗಿದ್ದೆ, ದೊಡ್ಡಪ್ಪ."

"ಸರಿ, ಮನೀಕ."

ಕಾಲು ಗಂಟೆ ಬಿಟ್ಟು, "ಮಂಜು ಬಂತು, ನೋಡ್ಲಾ!" ಇನ್ನೊಂದು ಕಾಲು ಗಂಟೆಗೆ, "ಮಂಜು ಓಯ್ತು, ನೋಡ್ಲಾ!" ಮಡಿಕೇರಿಯಲ್ಲಿ ಮಂಜು ಬರುವುದೂ ಹೋಗುವುದೂ ಒಂದು ಸುದ್ದಿಯೇ? ಒಮ್ಮೆಯಂತೂ ನನ್ನನ್ನು ಎಬ್ಬಿಸಿ ಕೂರಿಸಿ, "ನಿದ್ದೆ ಚೆಂದಾಗ್ ಬರ್ಲಿ ಅಂತ ಕಾಪಿ ತಂದಿವ್ನಿ, ಕುಡಿ," ಎಂದರು! ಡಾಕ್ಟರು ಹೇಳಿದ ಔಷಧಿ ಮಂಚದ ಮೇಲೇ ಇತ್ತು, ತೆಗೆದುಕೊಳ್ಳಲು ಬಿಡುವವರಿಲ್ಲ.

ಐದನೇ ದಿನ ತಲೆ ಸಿಡಿಯುತ್ತಿತ್ತು, ಮೈ ಬಿಸಿಯಾದ ಹಾಗಿತ್ತು. ಆಗ ತಾನೇ ಕಣ್ಣು ಹತ್ತಿತ್ತು. "ಲೇ, ಮನೀಕಂಡ್ಯಾ?"

ದಡಕ್ಕನೆ ಎದ್ದು ಕೂತೆ. "ಜ್ವರ ಮರುಕಳಿಸಿ ನಾನು ಸತ್ತರೆ ನಿಮಗೆ ಸಮಾಧಾನವಾ? ನಾಳೆ ಬಸ್ಸಿಗೆ ನೀವು ಊರಿಗೆ ಹೋಗಿಬಿಡಿ!"

ಹಿರಿಯರ ಮುಂದೆ ಹಾಗೆ ಕಿರುಚಿದ್ದು ಅದೇ ಮೊದಲು. ದೊಡ್ಡಪ್ಪ ನನ್ನ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತಂತೆ. ಆಮೇಲೆ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು ಕೂತರು.

"ಸಾಯದು ಅಂತೆಲ್ಲ ಅನ್ಬ್ಯಾಡ ಕಣಪ್ಪಾ. ನನ್ ಮಗುನ್ಗೂ ಇದೇ ಜ್ವರ ಬಂದು ಇಳ್ದಿತ್ತು. ನಿದ್ದೆ ಮಾಡ್ಲಿ, ಎಬ್ಬಿಸ್ಬ್ಯಾಡಿ ಅಂದ್ರು ಡಾಕುಟ್ರು. ನಾನು ಎಬ್ಬಿಸ್ನಿಲ್ಲ. ಚೆಂದಾಗ್ ನಿದ್ದೆ ಮಾಡ್ತಾವ್ನೆ ಅಂತ ಗದ್ದೆ ತಾವ್ಕೆ ಓದೆ. ಬಂದು ಎಬ್ಬಿಸ್ದೆ. ಏಳ್ನಿಲ್ಲ."

ನಾನು ಹುಟ್ಟುವ ಮೊದಲೇ ಅವರಿಗೊಬ್ಬ ಮಗ ತೀರಿಕೊಂಡಿದ್ದ ಅಂತ ಕೇಳಿದ್ದೆ. ಹೇಗೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

"ಇಲ್ಲಿ ಬನ್ನಿ ದೊಡ್ಡಪ್ಪ," ಎಂದು ಮಂಚದಲ್ಲಿ ಜಾಗ ಮಾಡಿದೆ. ಅವರ ಕೈ ಹಿಡಿದು ನನ್ನ ಎದೆಯ ಮೇಲಿಟ್ಟುಕೊಂಡೆ. "ಇದು ಹೊಡಕೊಳ್ತಾ ಇದೆ ನೋಡಿ. ಹೊಡಕೊಳ್ಳೋವರೆಗೂ ಎಬ್ಬಿಸಬೇಡಿ."

"ಊಂ," ಎಂದು ಗೋಡೆಗೆ ಒರಗಿ ಕೂತರು. ಸ್ವಲ್ಪ ಹೊತ್ತಿಗೆ ನನಗಿಂತ ಮೊದಲು ಅವರೇ ಗೊರಕೆ ಹೊಡೆಯತೊಡಗಿದರು. ಐದು ದಿನದಿಂದ ಅವರೂ ನಿದ್ದೆ ಮಾಡಿರಲಿಲ್ಲ ಎನ್ನುವುದು ಆಗ ಹೊಳೆಯಿತು. ಗದ್ದೆ ಕೆಲಸ ಮಾಡಿದ ಕೈ, ಎದೆಯ ಮೇಲೆ ಬಹಳ ಭಾರವಾಗಿತ್ತು. ಸರಿಸಿದರೆ ಎಚ್ಚರವಾದೀತೆಂದು ಅಲುಗಾಡದೆ ಮಲಗಿದ್ದೆ.