ಹಿಮ್ಮಡಿ ನನ್ನ ಗಂಡನದು, ಮಾತು ಡ್ಯಾಫ್ನಿ ಬಾಯಿಯದು

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನನ್ನ ಗಂಡ ನನ್ನ ಮಾತು ಕೇಳಿದ್ದು ಒಟ್ಟು ಎರಡು ಸಲ. ಒಂದು, ಮದುವೆಯ ದಿನ ಫೋಟೋ ತೆಗೆಯುವಾಗ "ಸ್ವಲ್ಪ ನಗಿ" ಎಂದದ್ದಕ್ಕೆ. ಇನ್ನೊಂದು, ಅವರ ಲುಂಗಿಗೆ ಊದುಬತ್ತಿಯ ಕಿಡಿ ತಾಗಿ "ಬೆಂಕಿ, ಬೆಂಕಿ" ಎಂದು ಕೂಗಿದಾಗ (ಅದೂ ಎರಡನೇ ಕೂಗಿಗೆ). ಅಂಥ ಮಹಾಪುರುಷ ಈಗ ಪಕ್ಕದ ಮನೆಯ ಹೆಂಗಸು ಕಾಂಪೌಂಡಿನ ಆಚೆಯಿಂದ "ಜಿತೇಶಣ್ಣ, ಕಾಲು!" ಎಂದರೆ ಸಾಕು, ಕುಳಿತಲ್ಲೇ ಕಾಲು ಎತ್ತುತ್ತಾರೆ. ನನ್ನ ಹೊಟ್ಟೆ ಉರಿಯುವುದಿಲ್ಲವಾ? ನೀವೇ ಹೇಳಿ.

ಇವರು ಮಂಗಳೂರಿನ ಕಂಕನಾಡಿಯ ಒಂದು ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದಾರೆ. ಬೆಳಗ್ಗಿನಿಂದ ರಾತ್ರಿವರೆಗೆ ಗಟ್ಟಿ ನೆಲದ ಮೇಲೆ ನಿಂತು "ಇದು ಜಾರುವುದೇ ಇಲ್ಲ ಸಾರ್" ಎಂದು ಹೇಳುವುದು ಕೆಲಸ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಮಂಚದಿಂದ ಇಳಿದವರು "ಅಯ್ಯಮ್ಮಾ" ಎಂದು ವಾಪಸು ಮಂಚಕ್ಕೇ ಹತ್ತಿದರು. ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಯಿತಂತೆ. ಹತ್ತು ಹೆಜ್ಜೆ ಕುಂಟಿದ ಮೇಲೆ ಕಡಿಮೆ, ಮರುದಿನ ಬೆಳಿಗ್ಗೆ ಮತ್ತೆ ಮೊಳೆ.

ಡಾಕ್ಟರು ನೋಡಿ ಹೇಳಿದರು, "ಪ್ಲಾಂಟರ್ ಫೇಶಿಯೈಟಿಸ್."

"ನಮಗೆ ನಾಲ್ಕು ಸೆಂಟ್ಸ್ ಜಾಗ, ಒಂದು ತೆಂಗಿನ ಮರ. ಪ್ಲಾಂಟರ್ ಹೇಗಾದ್ರಿ ನೀವು?" ಎಂದು ನಾನು ಕೇಳಿದೆ.

ಅತ್ತೆ ಅಕ್ಕುವಿನ ಸಂಶಯ ಬೇರೆ. "ಫೇಶಿಯಲ್ ಮುಖಕ್ಕೆ ಅಲ್ವಾ ಮಾಡುವುದು? ಇವನ ಕಾಲಿಗೆ ಯಾಕೆ ಬಂತು?"

ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಪಟ್ಟಿ ಉಂಟಂತೆ. ಅದು ಬಿಗಿದು ನೋಯುವುದಂತೆ. ವ್ಯಾಯಾಮ ಮಾಡಬೇಕು, ಐಸ್ ಇಡಬೇಕು, ಬರಿಗಾಲಲ್ಲಿ ನಡೆಯಬಾರದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಇವರು ಆ ಚೀಟಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟರು, ನಾನು ಅಂಗಿಯನ್ನು ವಾಷಿಂಗ್ ಮೆಷಿನಿಗೆ ಹಾಕಿದೆ, ಅಲ್ಲಿಗೆ ಚಿಕಿತ್ಸೆ ಮುಗಿಯಿತು. "ವ್ಯಾಯಾಮ ಮಾಡಿ" ಎಂದು ನಾನು ಬಾಯಿ ಒಣಗುವವರೆಗೆ ಹೇಳಿದೆ. "ನಾಳೆಯಿಂದ ಮಾರಾಯ್ತಿ" ಎಂದು ಇವರು ಐದು ತಿಂಗಳು ಕುಂಟಿದರು.

ಅಷ್ಟರಲ್ಲಿ ಪಕ್ಕದ ಮನೆಗೆ ಡ್ಯಾಫ್ನಿ ಬಾಯಿ ಬಂದರು (ಕ್ರಿಶ್ಚಿಯನ್ ಹೆಂಗಸರಿಗೆ ನಮ್ಮ ಕಡೆ ಬಾಯಿ ಎನ್ನುವುದು, ಗಂಡಸರಿಗೆ ಪೊರ್ಬುಗಳು). ಕುವೈಟಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವರು, ಈಗ ಬೋಳಾರಕ್ಕೆ ವಾಪಸು. ನನ್ನ ಗಂಡ ಗೇಟು ಹಾಕುವಾಗ ಕುಂಟಿದ್ದನ್ನು ನೋಡಿ ಆಚೆಯಿಂದಲೇ ಕೇಳಿದರು, "ಬೆಳಿಗ್ಗೆ ಮೊದಲ ಹೆಜ್ಜೆಗೆ ಜಾಸ್ತಿ ನೋವು ಅಲ್ವಾ?"

ಇವರಿಗೆ ಸಾಕ್ಷಾತ್ ದೇವಿಯೇ ಮಾತಾಡಿದ ಹಾಗಾಯಿತು. "ನಿಮಗೆ ಹೇಗೆ ಗೊತ್ತಾಯ್ತು ಬಾಯಿ?"

(ನಾನು ಐದು ತಿಂಗಳಿನಿಂದ ಅದೇ ಮಂಚದಲ್ಲಿ ಮಲಗಿ ಅದೇ "ಅಯ್ಯಮ್ಮಾ" ಕೇಳುತ್ತಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ.)

ಮರುದಿನದಿಂದ ನಮ್ಮ ಮನೆಯಲ್ಲಿ ರಾಜ್ಯಭಾರ ಬದಲಾಯಿತು. ಮಂಚದಿಂದ ಇಳಿಯುವ ಮೊದಲು ಟವೆಲನ್ನು ಮುಂಗಾಲಿಗೆ ಸುತ್ತಿ ಎರಡೂ ಕೈಯಲ್ಲಿ ಎಳೆದು ಮೂವತ್ತು ಎಣಿಸಬೇಕು. ಇವರು ಎಣಿಸಿದರು! ಹತ್ತೊಂಬತ್ತು ವರ್ಷ ಹಾಸಿಗೆಯ ಮೇಲೆ ಒದ್ದೆಯಾಗಿ ಬಿದ್ದಿರುತ್ತಿದ್ದ ಆ ಟವೆಲನ್ನು ಈಗ ಇವರೇ ಒಣಗಿಸಿ, ನಾಲ್ಕು ಮಡಿಕೆ ಮಾಡಿ, ತಲೆದಿಂಬಿನ ಪಕ್ಕ ಇಡುತ್ತಾರೆ. ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದೆ ಚಾಚಿ ನಿಲ್ಲುತ್ತಾರೆ, ಗೋಡೆ ಬೀಳದಂತೆ ತಡೆಯುವವರ ಹಾಗೆ. ಸಂಜೆ ಫ್ರೀಜರಿನಿಂದ ಗಟ್ಟಿಯಾದ ನೀರಿನ ಬಾಟಲಿ ತೆಗೆದು ಅಂಗಾಲಿನಡಿ ಹಿಂದೆ ಮುಂದೆ ಉರುಳಿಸುತ್ತಾರೆ. ಫ್ರೀಜರಿನಲ್ಲಿ ಮೂರು ಬಾಟಲಿ. ನನ್ನ ಬಂಗುಡೆ ಮೀನಿಗೆ ಜಾಗ ಇಲ್ಲ.

ಚಪ್ಪಲಿಯ ವಿಷಯ ಕೇಳಿ. ಒಂದು ಮಳೆಗಾಲ, ನೆಲ ತಣ್ಣಗೆ ಉಂಟು ಎಂದು ನಾನು ಅಡುಗೆಮನೆಯಲ್ಲಿ ರಬ್ಬರ್ ಚಪ್ಪಲಿ ಹಾಕಿದ್ದಕ್ಕೆ ಅತ್ತೆ ಮೂರು ದಿನ ನನ್ನ ಕೈಯ ನೀರು ಮುಟ್ಟಿರಲಿಲ್ಲ. ಈಗ ಮಗ ಮೆತ್ತನೆಯ ಚಪ್ಪಲಿ ಹಾಕಿ ದೇವರ ಕೋಣೆಯ ಬಾಗಿಲವರೆಗೆ ಟಪಟಪ ಬಂದಾಗ ನಾನು ಆಸೆಯಿಂದ ಅತ್ತೆಯ ಮುಖ ನೋಡಿದೆ.

"ನರ್ಸ್ ಬಾಯಿ ಹೇಳಿದ್ದಾರೆ," ಎಂದರು ಅತ್ತೆ. "ದೇವರಿಗೆ ಅರ್ಥ ಆಗ್ತದೆ."

ನಾನು ಸೋಲುವವಳಲ್ಲ. ನನ್ನ ಅಜ್ಜಿ ಮಾಡುತ್ತಿದ್ದ ಮದ್ದು ನೆನಪಾಯಿತು. ಇಟ್ಟಿಗೆ ಬಿಸಿ ಮಾಡಿ, ಮೇಲೆ ಎಕ್ಕದ ಎಲೆ ಇಟ್ಟು, ಹಿಮ್ಮಡಿ ಒತ್ತಬೇಕು. ಎಕ್ಕದ ಎಲೆಗಾಗಿ ಬಿಸಿಲಲ್ಲಿ ನದಿಯ ಬದಿಯವರೆಗೆ ಹೋಗಿ, ಇಟ್ಟಿಗೆ ತೊಳೆದು, ಗ್ಯಾಸಿನ ಮೇಲೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದು ಇವರ ಎದುರು ಇಟ್ಟೆ.

"ಒತ್ತಿ."

ಇವರು ಇಟ್ಟಿಗೆ ನೋಡಿದರು, ನನ್ನನ್ನು ನೋಡಿದರು. "ಒಂದು ನಿಮಿಷ. ಡ್ಯಾಫ್ನಿ ಬಾಯಿಯನ್ನು ಕೇಳ್ತೇನೆ."

ಕೇಳಿಯೇ ಬಿಟ್ಟರು, ಇಡೀ ಓಣಿಗೆ ಕೇಳುವ ಹಾಗೆ. ಆಚೆಯಿಂದ ಉತ್ತರ ಬಂತು, "ಪರವಾಗಿಲ್ಲ ಜಿತೇಶಣ್ಣ, ಶಾಖ ಒಳ್ಳೆಯದೇ. ಸುಡದ ಹಾಗೆ ನೋಡಿಕೊಳ್ಳಿಕ್ಕೆ ಹೇಮಕ್ಕನಿಗೆ ಹೇಳಿ."

"ಪರ್ಮಿಷನ್ ಸಿಕ್ಕಿತು, ತಾ," ಎಂದರು ಇವರು.

ನನ್ನ ಅಜ್ಜಿಯ ಮದ್ದಿಗೆ ಅವರ ಪರ್ಮಿಷನ್! ಇಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಇಟ್ಟೆ. ಇಟ್ಟಿಗೆ ತಣ್ಣಗಾಯಿತು, ನಾನು ಆಗಲಿಲ್ಲ.

ಮರುದಿನ ಮಧ್ಯಾಹ್ನ ಒಂದು ತಟ್ಟೆ ಪತ್ರೊಡೆ ಹಿಡಿದುಕೊಂಡು ಡ್ಯಾಫ್ನಿ ಬಾಯಿಯ ಮನೆಗೆ ಹೊರಟೆ. ಪತ್ರೊಡೆ ನೆಪ. "ನಮ್ಮ ಮನೆಯ ಕಾಲು ನಮಗೆ ಬಿಡಿ" ಎಂದು ನೇರವಾಗಿ ಹೇಳುವ ತಯಾರಿಯಲ್ಲಿದ್ದೆ. ಮೆಟ್ಟಿಲು ಹತ್ತುವಾಗ ಒಳಗಿನಿಂದ ಸ್ವರ ಕೇಳಿತು.

"ಎಂಟು ತಿಂಗಳು ಆಯ್ತು, ಯೂಸ್ಟೇಸ್! ಒಂದು ಸಲ, ಒಂದೇ ಸಲ ಆ ಟವೆಲ್ ಎಳಿ!"

"ನನಗೆ ಬೇಡ. ನೋವು ಬಂದ ಹಾಗೆ ಹೋಗ್ತದೆ."

ಡ್ಯಾಫ್ನಿ ಬಾಯಿಯ ಗಂಡ ಯೂಸ್ಟೇಸ್ ಪೊರ್ಬುಗಳು ಸೋಫಾದಲ್ಲಿ ಒರಗಿದ್ದರು. ಹಿಮ್ಮಡಿ ಸ್ಟೂಲಿನ ಮೇಲೆ. ಅದೇ ನೋವು! ನನ್ನನ್ನು ನೋಡಿದ್ದೇ ಡ್ಯಾಫ್ನಿ ಬಾಯಿಯ ಕಣ್ಣಲ್ಲಿ ನೀರು ಬಂತು.

"ನೋಡಿ ಹೇಮಕ್ಕ. ವಾರ್ಡಿನಲ್ಲಿ ನಲವತ್ತು ಜನ ನನ್ನ ಮಾತು ಕೇಳ್ತಿದ್ದರು. ಇವರೊಬ್ಬರು ಕೇಳುವುದಿಲ್ಲ. ನಿಮ್ಮ ಜಿತೇಶಣ್ಣ ಚಿನ್ನ. ಅವರನ್ನು ನೋಡುವಾಗ ನನಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚು ಗೊತ್ತುಂಟಾ?"

ನನ್ನ ಮೇಲೆ! ತಯಾರು ಮಾಡಿದ ಮಾತು ಬಿಟ್ಟು ಪತ್ರೊಡೆಯ ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಸಂತೋಷ ತಡೆಯಲಾಗದೆ, ಸುಮ್ಮನೆ ತಮಾಷೆಗೆ ಹೇಳಿದೆ, "ಎಂತ ಪೊರ್ಬುಗಳೇ? ಕಾಲು ಎತ್ತಿ ನೋಡುವಾ."

ಅವರು ಎತ್ತಿದರು.

"ಟವೆಲ್ ಹಾಕಿ. ಎಳೀರಿ. ಒಂದು, ಎರಡು..."

ಮೂವತ್ತರವರೆಗೆ ಎಳೆದರು! ಎಳೆದು, "ಹಾಯಾಗ್ತದೆ ಹೇಮಕ್ಕ," ಎಂದು ನನ್ನನ್ನು ನೋಡಿ ನಕ್ಕರು. ಡ್ಯಾಫ್ನಿ ಬಾಯಿಯ ಮುಖ ನೋಡಿದೆ. ಆ ಮುಖ ನನಗೆ ಪರಿಚಯದ್ದು. ಆರು ವಾರದಿಂದ ನಮ್ಮ ಬಚ್ಚಲಿನ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದೆ.

ಆಮೇಲೆ ನಾವಿಬ್ಬರು ಹೆಂಗಸರೂ ಕುಳಿತು, ಪತ್ರೊಡೆ ತಿಂದು, ಒಪ್ಪಂದ ಮಾಡಿಕೊಂಡೆವು. ನನ್ನ ಗಂಡನಿಗೆ ಅವರು ಹೇಳುವುದು, ಅವರ ಗಂಡನಿಗೆ ನಾನು ಹೇಳುವುದು. ಬೆಳಿಗ್ಗೆ ಆರೂವರೆಗೆ ನಾನು ಅವರ ಅಂಗಳಕ್ಕೆ, ಅವರು ನಮ್ಮ ಅಂಗಳಕ್ಕೆ. ಎರಡೂ ಕಡೆ "ಇಪ್ಪತ್ತೆಂಟು, ಇಪ್ಪತ್ತೊಂಬತ್ತು" ಎಂದು ಕೇಳಿ ಹಾಲಿನವನು ಇಲ್ಲಿ ಶಾಲೆ ಶುರುವಾಗಿದೆ ಎಂದುಕೊಂಡ.

ಸತ್ಯ ಹೇಳ್ತೇನೆ, ನನಗೆ ಅಧಿಕಾರದ ರುಚಿ ಹತ್ತಿತು. ಯೂಸ್ಟೇಸ್ ಪೊರ್ಬುಗಳಿಗೆ ಹಿಮ್ಮಡಿಯ ಜೊತೆ ಸಕ್ಕರೆ, ಸಿಗರೇಟು, ಫ್ಯಾನ್ ಆಫ್ ಮಾಡುವುದು, ಎಲ್ಲದರ ಬಗ್ಗೆಯೂ ಹೇಳತೊಡಗಿದೆ. ಎಲ್ಲದಕ್ಕೂ "ಸರಿ ಹೇಮಕ್ಕ". ಅವರ ಕುಂಟು ಕಡಿಮೆಯಾಯಿತು. ಇವರದೂ ಕಡಿಮೆಯಾಯಿತು. ಡ್ಯಾಫ್ನಿ ಬಾಯಿ ನನ್ನೊಡನೆ ಮಾತು ಸ್ವಲ್ಪ ಕಡಿಮೆ ಮಾಡಿದರು. ನನಗೆ ಅದೂ ಖುಷಿಯೇ.

ಐದನೇ ವಾರ ಒಂದು ಬೆಳಿಗ್ಗೆ ನಾನು ಮಂಚದಿಂದ ಕಾಲು ಕೆಳಗಿಟ್ಟೆ.

ಅಯ್ಯಮ್ಮಾ!

ದಿನಾ ಆ ಸಿಮೆಂಟ್ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಪರರಿಗೆ ಉಪದೇಶ ಮಾಡಿದ ಫಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಡ್ಯಾಫ್ನಿ ಬಾಯಿಯ ಕೈಗೆ ಬೀಳಬೇಕು. ತುದಿಗಾಲಲ್ಲಿ ನಡೆದೆ.

"ಈ ವಯಸ್ಸಿಗೆ ಡ್ಯಾನ್ಸ್ ಕಲೀತಿದ್ದಾಳೆ," ಎಂದರು ಅತ್ತೆ.

ಇವರಿಗೆ ಮಾತ್ರ ಗೊತ್ತಾಯಿತು. "ನಿನಗೂ ಬಂತಲ್ಲ ಮಾರಾಯ್ತಿ. ತಗೋ ಟವೆಲ್, ಎಳಿ."

"ನನಗೆ ನೀವು ಹೇಳುವುದಾ?" ಎಂದು ಟವೆಲನ್ನು ಅವರ ಮಡಿಲಿಗೇ ಎಸೆದೆ. ಮೂರು ದಿನ ಎಸೆದೆ. ನಾಲ್ಕನೇ ದಿನ ಇವರು ಕಾಂಪೌಂಡಿನ ಬಳಿ ಹೋಗಿ, ನನ್ನ ಕಣ್ಣೆದುರೇ ಕೂಗಿದರು, "ಡ್ಯಾಫ್ನಿ ಬಾಯೀ, ಇನ್ನೊಂದು ಕೇಸ್!"

ಅವರು ಬಂದರು. ಯೂಸ್ಟೇಸ್ ಪೊರ್ಬುಗಳೂ ನೋಡಲು ಬಂದರು, ಕುಂಟದೆ. ಡ್ಯಾಫ್ನಿ ಬಾಯಿ ನನ್ನ ಹಿಮ್ಮಡಿಗೆ ಹೆಬ್ಬೆರಳು ಒತ್ತಿದರು. ನನ್ನ ಕೂಗಿಗೆ ತೆಂಗಿನ ಮರದ ಕಾಗೆಗಳು ಎದ್ದವು.

"ಎಷ್ಟು ದಿನ ಆಯ್ತು?"

"ನಾಲ್ಕು."

"ಟವೆಲ್ ಎಳೀಲಿಕ್ಕೆ ಜಿತೇಶಣ್ಣ ಹೇಳಲಿಲ್ವಾ?"

"ಹೇಳಿದರು."

"ಮತ್ತೆ?"

ಮೂರೂ ಜನ ನನ್ನನ್ನೇ ನೋಡುತ್ತಿದ್ದರು, ಒಳಗಿನಿಂದ ಅತ್ತೆಯೂ.

"ಕಾಲು ಎತ್ತಿ ಹೇಮಕ್ಕ," ಎಂದರು ಡ್ಯಾಫ್ನಿ ಬಾಯಿ. ನನ್ನ ಕಾಲು ನನ್ನನ್ನು ಕೇಳದೆ ಮೇಲೆ ಹೋಯಿತು. ಮೂವತ್ತು ಎಣಿಸಿದೆ. ಇವರ ಮುಖ ಸ್ವಲ್ಪ ಸಣ್ಣದಾದದ್ದು ನನಗೆ ಕಂಡಿತು. ಆದರೆ ಇವರು ಸೇಲ್ಸ್‌ನವರು, ಒಂದು ಕ್ಷಣದಲ್ಲಿ ಚೇತರಿಸಿಕೊಂಡರು.

"ಬಾಯಿ, ಒಂದು ಡೌಟು. ಜೋರಾಗಿ ಬೈದರೆ ಹಿಮ್ಮಡಿಗೆ ಭಾರ ಬೀಳ್ತದಾ?"

ನಾನು ಡ್ಯಾಫ್ನಿ ಬಾಯಿಯನ್ನು ನೋಡಿದೆ. ಅವರು ಯೂಸ್ಟೇಸ್ ಪೊರ್ಬುಗಳನ್ನು ನೋಡಿದರು. ನನ್ನ ಮಾತಿಗೆ ಸಿಗರೇಟು ಬಿಟ್ಟ ಆ ಮನುಷ್ಯನನ್ನು ಬಹಳ ಹೊತ್ತು ನೋಡಿ, ಇಪ್ಪತ್ತೆರಡು ವರ್ಷದ ಸರ್ವಿಸಿನ ಮುಖ ಮಾಡಿ ಹೇಳಿದರು, "ಬೀಳ್ತದೆ ಜಿತೇಶಣ್ಣ. ತುಂಬಾ ಬೀಳ್ತದೆ. ಹೇಮಕ್ಕ ಎರಡು ತಿಂಗಳು ಯಾರಿಗೂ ಸ್ವರ ಎತ್ತಬಾರದು. ಯಾರ ಮನೆಯಲ್ಲಿಯೂ."

ಇವತ್ತಿಗೆ ಒಂಬತ್ತು ದಿನ. ಹಿಮ್ಮಡಿ ಪರವಾಗಿಲ್ಲ. ಗಂಟಲು ಮಾತ್ರ ತುಂಬಾ ನೋಯ್ತಾ ಉಂಟು.