ಶಿಕಾಗೋದ ನಲ್ಲಿಯ ಕೆಳಗೆ ರಾಯಚೂರಿನ ಕೊಡ

ಬಾಡಿಗೆ ಮನೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ರಾಯಚೂರಿನಲ್ಲಿ ನೀರೆತ್ತುವ ಮೋಟರುಗಳ ಅಂಗಡಿ ನಡೆಸಿದವನು ನಾನು. ಓಣಿಯಿಂದ ಓಣಿಗೆ ಮನೆ ಬದಲಾಯಿಸಿ ಎಲ್ಲ ಬಗೆಯ ಮಾಲೀಕರನ್ನೂ ಅರೆದು ಕುಡಿದವನು. ಹಾಗಾಗಿ ನರ್ಸ್ ಆಗಿರುವ ನನ್ನ ಹೆಂಡತಿ ಶರಣಮ್ಮನಿಗೆ ಶಿಕಾಗೋದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕು, ನಾನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅವಳ ಬೆನ್ನು ಹತ್ತಿದಾಗ, "ಮನಿ ಹಿಡಿಯೂದು ನನಗ ಬಿಡು" ಎಂದು ಎದೆ ತಟ್ಟಿಕೊಂಡೆ. ಅವಳು ಬಿಟ್ಟಳು. ಅವಳು ಮಾಡಿದ ತಪ್ಪು ಅದೊಂದೇ!

ಮೊದಲ ಜಗಳ ಪೆಟ್ಟಿಗೆ ಕಟ್ಟುವಾಗಲೇ ಆಯಿತು. ನಾನು ಮನೆಯ ಸ್ಟೀಲಿನ ಕೊಡವನ್ನು ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದೆ.

"ಅಮೆರಿಕಾಕ್ಕ ಕೊಡ ಹೊತ್ಕೊಂಡು ಹೊಂಟೀರಲ್ರೀ, ನೋಡಿದ ಮಂದಿ ಏನಂದಾರು?"

"ಬಾಡಿಗಿ ಮನಿಗೆ ಕೊಡ ಇಲ್ಲದ ಕಾಲಿಡಬಾರ್ದು ಲೇ. ಒಳಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬು. ಜಾಗಾನೂ ಉಳೀತದ."

ನಮ್ಮೂರಿನವರಿಗೆ ಈ ಕೊಡದ ಮಹತ್ವ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನೀರು ಯಾವ ಹೊತ್ತಿನಲ್ಲಿ ಬರುತ್ತದೆಂದು ದೇವರಿಗೂ ಗೊತ್ತಿಲ್ಲದ ಕಡೆ, ನಲ್ಲಿಯನ್ನು ತಿರುವಿ ತೆರೆದಿಟ್ಟು ಅದರ ಕೆಳಗೆ ಖಾಲಿ ಕೊಡ ಇಡುವುದು ರೂಢಿ. ನೀರು ಬಿದ್ದ ಕೂಡಲೇ ಕೊಡ ಢಣಢಣ ಎನ್ನುತ್ತದೆ. ಮನೆಮಂದಿಯೆಲ್ಲ ಇದ್ದ ಕೆಲಸ ಬಿಟ್ಟು ಓಡುತ್ತಾರೆ. ಈ ವ್ಯವಸ್ಥೆಗೆ ಕರೆಂಟು ಬೇಡ, ರಿಪೇರಿ ಬೇಡ. ಕೇಳುವ ಕಿವಿ ಒಂದು ಬೇಕು, ಅಷ್ಟೇ. ಈ ಕಿವಿಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಶಿಕಾಗೋದಲ್ಲಿ ನಾಲ್ಕು ಸಂಸಾರಗಳ ಹಳೆಯ ಇಟ್ಟಿಗೆಯ ಕಟ್ಟಡವೊಂದು ಸಿಕ್ಕಿತು. ಆಸ್ಪತ್ರೆಯಿಂದ ಎರಡೇ ಬೀದಿ ದೂರ. ಮಾಲೀಕ ಸ್ಟಾನ್ ಎಂಬ, ಕಿವಿಗೆ ಯಂತ್ರ ಹಾಕಿಕೊಂಡ ಮುದುಕ. ಅವನ ಹಿರಿಯರು ಪೋಲೆಂಡಿನಿಂದ ಬಂದವರಂತೆ. ಕೆಳಗೆ ಒಂದು ಮನೆಯಲ್ಲಿ ಅವನೇ ಇದ್ದ, ಅವನ ತಲೆಯ ಮೇಲಿನ ಮನೆ ನಮಗೆ. ನಮ್ಮ ಎದುರು ಮನೆಯಲ್ಲಿ ಹೈದರಾಬಾದಿನ ರಜಿಯಾ, ನಮ್ಮ ಬಾಯಲ್ಲಿ ಖಾಲಾ ಅಂದರೆ ಚಿಕ್ಕಮ್ಮ, ಅವರ ಕೆಳಗೆ ಮೆಕ್ಸಿಕೋದ ಲೂಪೆ ಎಂಬ ಹೆಣ್ಣುಮಗಳು.

ನಮ್ಮ ಕಡೆಯ ಮಾಲೀಕರಂತೆ ಯಾವ ಊರು, ಯಾವ ಮಂದಿ, ಏನು ತಿನ್ನುತ್ತೀರಿ, ಬೀಗರು ಬಂದರೆ ಎಷ್ಟು ದಿನ ಕೂರುತ್ತಾರೆ ಎಂದು ಸ್ಟಾನ್ ಒಂದನ್ನೂ ಕೇಳಲಿಲ್ಲ. ನನಗೆ ಅವಮಾನವೇ ಆಯಿತು. ಅವನು ಕೇಳದಿದ್ದರೂ ಎಲ್ಲವನ್ನೂ ಹೇಳಿದೆ. ಹೆಂಡತಿಯ ತವರು ಪೋತ್ನಾಳ, ಅಕ್ಕನನ್ನು ಕೊಟ್ಟದ್ದು ದೇವದುರ್ಗಕ್ಕೆ ಎಂಬುದನ್ನೂ ಬಿಡಲಿಲ್ಲ. ಅವನು ಗಡಿಯಾರ ನೋಡಿಕೊಂಡ. ಆಮೇಲೆ ನಾನು ನನ್ನ ಒಂದೇ ಒಂದು ಪ್ರಶ್ನೆ ಕೇಳಿದೆ.

"ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕ. "ಯಾವಾಗಲೂ ಬರುತ್ತದೆ. ಪಕ್ಕದಲ್ಲೇ ಸಮುದ್ರದಂಥ ಸರೋವರ ಇದೆಯಲ್ಲ!"

ಪಾಪ, ಅವನಿಗೇನು ಗೊತ್ತು! ನಮಗೆ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಆದರೂ ನಾವು ಕೊಡ ಇಟ್ಟು ಕಾಯುವವರೇ. "ಇಪ್ಪತ್ತನಾಲ್ಕು ತಾಸೂ ನೀರು" ಎಂದು ರಾಯಚೂರಿನ ಪ್ರತಿಯೊಬ್ಬ ಮಾಲೀಕನೂ ಹೇಳಿಯೇ ಮುಂಗಡ ಇಸಿದುಕೊಂಡಿದ್ದ. ನಾನು ಮುಗುಳ್ನಕ್ಕು ಮುಂಗಡ ಎಣಿಸಿ ಕೊಟ್ಟೆ.

ಮರುದಿನದಿಂದಲೇ ನೀರು ತುಂಬುವ ಕಾರ್ಯಕ್ರಮ ಶುರುವಾಯಿತು. ಪಾತ್ರೆ, ಡಬ್ಬಿ, ಬಾಟಲಿ ಎಲ್ಲ ತುಂಬಿದವು. ಲೂಪೆ ಕೆಲಸ ಮಾಡುವ ಅಂಗಡಿಯಿಂದ ಉಪ್ಪಿನಕಾಯಿಯ ಖಾಲಿ ಡ್ರಮ್ಮುಗಳನ್ನು ತಂದು ಮೆಟ್ಟಿಲ ಮೇಲೆ ಉರುಳಿಸಿಕೊಂಡು ಹತ್ತಿಸಿದೆ. ಕಡೆಗೆ ಬಚ್ಚಲಿನ ಸ್ನಾನದ ತೊಟ್ಟಿ. ಅದರ ಮೇಲ್ಭಾಗದಲ್ಲಿ ಒಂದು ತೂತು ಇತ್ತು. ಇಷ್ಟು ಒಳ್ಳೆಯ ತೊಟ್ಟಿಗೆ ಅಂಚಿನ ಹತ್ತಿರ ತೂತು ಕೊರೆದ ಕಂಪನಿಯವರ ಬುದ್ಧಿಗೆ ಏನೆನ್ನಬೇಕು? ತುಂಬಲು ಹೋದರೆ ಮೇಲಿನ ನೀರೆಲ್ಲ ಸೋರಿ ಹೋಗುತ್ತಿತ್ತು. ಪೈಪಿಗೆ ಮೆತ್ತುವ ಅಂಟನ್ನು ನಾನು ಅಂಗಡಿಯಿಂದಲೇ ತಂದಿದ್ದೆ. ಗಟ್ಟಿಯಾಗಿ ಮೆತ್ತಿ ತೂತು ಮುಚ್ಚಿದೆ.

"ಅದು ಯಾಕ ಇಟ್ಟಾರೋ ಏನೋ, ಕೇಳಿ ಮುಚ್ಚಬಾರದೇನ್ರೀ?" ಎಂದಳು ಶರಣಮ್ಮ.

"ಮೋಟರ್ ಅಂಗಡಿ ಇಟ್ಟಾವ ನಾನೋ ನೀನೋ?" ಎಂದೆ. ಅವಳು ಡ್ಯೂಟಿಗೆ ಹೋದಳು.

ನೀರಿನ ಬಿಲ್ಲು ಮಾಲೀಕನದು. ಒಂದು ದಿನ ಸ್ಟಾನ್ ಎಲ್ಲಿಯೋ ಪೈಪು ಒಡೆದಿರಬೇಕೆಂದು ಟಾರ್ಚು ಹಿಡಿದು ನಮ್ಮ ಮನೆಗೇ ಬಂದ. ಹಾಲ್‌ನಲ್ಲಿ ಸಾಲಾಗಿ ನಿಂತ ಡ್ರಮ್ಮುಗಳನ್ನು ನೋಡಿದ. ಒಂದರ ಮುಚ್ಚಳ ತೆಗೆದ. ಎರಡನೆಯದರದ್ದೂ ತೆಗೆದ.

"ಇದೇನು?"

"ನೀರು."

"ಯಾಕೆ?"

"ನಾಳೆ ಬರದಿದ್ದರೆ?"

ಅವನು ಎರಡೂ ಮುಚ್ಚಳಗಳನ್ನು ಮತ್ತೆ ಹಾಕಿದ. ಆಮೇಲೆ ಸಮಾಧಾನದಿಂದಲೇ, ವರ್ಷದ ಕರಾರು ಚಳಿಗಾಲದ ಕೊನೆಗೆ ಮುಗಿಯುತ್ತದೆ, ಮುಂದುವರಿಸುವ ವಿಚಾರ ತನಗಿಲ್ಲ, ಬೇರೆ ಮನೆ ನೋಡಿಕೊಂಡರೆ ಒಳ್ಳೆಯದು ಎಂದು ಹೇಳಿ ಇಳಿದು ಹೋದ.

ಶರಣಮ್ಮ ಅಂದು ಊಟ ಮಾಡಲಿಲ್ಲ. "ನನಗ ಇಲ್ಲಿಂದ ದವಾಖಾನಿ ನಡಕೊಂಡು ಹೋಗುವಷ್ಟು ದೂರ ಅದ. ಈ ಮನಿ ಬಿಟ್ರ ಇಂಥಾ ಹಿಮದಾಗ ಎರಡೆರಡು ಬಸ್ಸು ಬದಲಿ ಮಾಡಬೇಕು. ಒಂದು ಕೊಡದ ಸಲುವಾಗಿ ಮನಿ ಕಳದ್ರಲ್ರೀ!" ಎಂದು ಕಣ್ಣೀರು ತೆಗೆದಳು. ಡ್ರಮ್ಮುಗಳನ್ನೆಲ್ಲ ಭಾನುವಾರ ಖಾಲಿ ಮಾಡಿಬಿಡುತ್ತೇನೆ ಎಂದು ಅವಳ ತಲೆ ಮುಟ್ಟಿ ಹೇಳಿದೆ.

ಆ ಶುಕ್ರವಾರ ರಸ್ತೆಯ ಅಡಿಯ ದೊಡ್ಡ ಪೈಪು ಚಳಿಗೆ ಸಿಡಿಯಿತು!

ಬೀದಿಯೆಲ್ಲ ಗಾಜಿನಂಥ ಮಂಜುಗಡ್ಡೆ. ಅದೇ ಬೀದಿಯ ನಲ್ಲಿಗಳಲ್ಲಿ ಒಂದು ಹನಿ ನೀರಿಲ್ಲ. ಅಂಗಡಿಗಳಲ್ಲಿ ನೀರಿನ ಬಾಟಲಿಗಳು ಮಧ್ಯಾಹ್ನಕ್ಕೇ ಖಾಲಿಯಾದವು. ಮಂದಿ ಖಾಲಿ ನಲ್ಲಿಯನ್ನು ಹಿಂದೆ ಮುಂದೆ ತಿರುವಿ, ಅದರ ಬಾಯಿಯೊಳಗೆ ಇಣುಕಿ ನೋಡುತ್ತಿದ್ದರು. ಆ ದೃಶ್ಯ ನೋಡಿ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು.

ಮೊದಲು ಬಾಗಿಲು ತಟ್ಟಿದವರು ಖಾಲಾ. ಮೊಮ್ಮಗುವಿನ ಹಾಲಿನ ಬಾಟಲಿ ಹಿಡಿದು, ಇಲ್ಲ ಎನ್ನಬೇಡಿ ಎಂದು ನೀರು ಕೇಳಿದರು. "ಭಯ್ಯಾ, ಥೋಡಾ ಪಾನಿ ಹೈ ಕ್ಯಾ? ನೈ ನಕ್ಕೋ ಬೋಲೋ!"

"ಥೋಡಾ ಕ್ಯಾ ಖಾಲಾ, ಪೂರಾ ಹೈ!" ಎಂದು ಬಾಗಿಲನ್ನು ಹಾರು ಹೊಡೆದೆ.

ಸುದ್ದಿ ಹರಡಿತು. ಲೂಪೆ ಬಂದಳು, ಅವಳ ಹಿಂದೆ ಅಕ್ಕಪಕ್ಕದ ಕಟ್ಟಡದವರು ಬಂದರು. ನಾನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಸ್ಟೂಲು ಹಾಕಿ ಕೂತೆ. ಒಂದು ಮನೆಗೆ ಒಂದು ಸರದಿಗೆ ಒಂದು ಕೊಡ, ಕೂಸು ಇದ್ದವರಿಗೆ ಎರಡು, ಜಗಳ ಮಾಡಿದವರು ಕೊನೆಗೆ! ದೇವದುರ್ಗದಲ್ಲಿ ಅಕ್ಕನ ಓಣಿಗೆ ಟ್ಯಾಂಕರ್ ಬಂದಾಗ ನಡೆಯುವ ಕಾನೂನನ್ನೇ ಇಲ್ಲಿ ಜಾರಿ ಮಾಡಿದೆ. ಪಾತ್ರೆ ಇಟ್ಟು ಹೋದರೆ ಪಾಳಿ ನಿಮ್ಮದೇ ಎಂಬುದನ್ನು ಮಾತ್ರ ಇವರಿಗೆ ಹೇಗೆ ತಿಳಿಸುವುದೆಂಬ ಚಿಂತೆ ಇತ್ತು. ಆದರೆ ಈ ಊರಿನವರು ಹಿಮ ಬಿದ್ದಾಗ ತಾವು ಸಲಿಕೆಯಿಂದ ಬಿಡಿಸಿದ ಜಾಗ ತಮ್ಮ ಕಾರಿಗೇ ಉಳಿಯಲಿ ಎಂದು ಅಲ್ಲಿ ಹಳೆಯ ಕುರ್ಚಿಯೊಂದನ್ನು ಇಟ್ಟು ಹೋಗುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ. ಕುರ್ಚಿಯ ಜಾಗದಲ್ಲಿ ಬಕೆಟ್ಟು ಎಂದೆ. ಎಲ್ಲರಿಗೂ ತಟ್ಟನೆ ಅರ್ಥವಾಯಿತು. ಮೆಟ್ಟಿಲ ಮೇಲಿಂದ ಬೀದಿ ಬಾಗಿಲವರೆಗೆ ಪಾತ್ರೆಗಳ ಸಾಲು ನಿಂತಿತು. ನೋಡಲು ಎರಡು ಕಣ್ಣು ಸಾಲದು!

ಆ ಸಾಲಿನ ಕೊನೆಯಲ್ಲಿ, ಕೈಯಲ್ಲೊಂದು ಸಣ್ಣ ಪಾತ್ರೆ ಹಿಡಿದು, ಸ್ಟಾನ್ ನಿಂತಿದ್ದ.

"ಅವಗ ಕೊಡ್ರಿ ಮೊದಲ" ಎಂದಳು ಶರಣಮ್ಮ ಕಿವಿಯಲ್ಲಿ.

"ಪಾಳಿ ಅಂದ್ರ ಪಾಳಿ" ಎಂದೆ. ಹಾಗೆಂದರೂ ಅವನ ಸರದಿ ಬಂದಾಗ ಪಾತ್ರೆ ಪಕ್ಕಕ್ಕಿಟ್ಟು ಕೊಡವನ್ನೇ ತುಂಬಿ ಅವನ ಅಡುಗೆಮನೆಗೆ ಹೊತ್ತುಕೊಂಡು ಹೋಗಿ ಸುರಿದು ಬಂದೆ. ಮುದುಕನ ಕಣ್ಣುಗಳು ಒದ್ದೆಯಾದವು.

ಮರುದಿನ ಸಂಜೆಯೂ ನೀರು ಬಂದಿರಲಿಲ್ಲ. ಸ್ಟಾನ್ ನಮ್ಮದೇ ನೀರಿನಿಂದ ದೊಡ್ಡ ಪಾತ್ರೆಯಲ್ಲಿ ಬೀಟ್‌ರೂಟ್ ಸಾರು ಕುದಿಸಿ ಇಡೀ ಕಟ್ಟಡವನ್ನು ಕೆಳಗೆ ತನ್ನ ಮನೆಗೆ ಊಟಕ್ಕೆ ಕರೆದ. ಖಾಲಾ ಬಗಾರಾ ಅನ್ನ ತಂದರು, ಲೂಪೆ ಜೋಳದ ರೊಟ್ಟಿ ತಂದಳು. ಅದು ಮೆಕ್ಕೆಜೋಳದ್ದು, ನಮ್ಮದರಷ್ಟು ಗಟ್ಟಿಯಲ್ಲ. ಹೊರಡುವ ಮುನ್ನ ನಾನು ಮನೆಯ ಯಜಮಾನನ ಕರ್ತವ್ಯ ಮರೆಯಲಿಲ್ಲ. ಖಾಲಿಯಾಗಿದ್ದ ಸ್ನಾನದ ತೊಟ್ಟಿಗೆ ಬೂಚು ಬಿಗಿದೆ. ನಲ್ಲಿಯನ್ನು ಪೂರ್ತಿ ತೆರೆದೆ. ಕೆಳಗೆ ಕೊಡ ಇಟ್ಟೆ. ನೀರು ಬಂದರೆ ಢಣ ಎನ್ನಲಿ, ಓಡಿ ಬಂದರಾಯಿತು!

ಊಟದ ಮೇಜಿನಲ್ಲಿ ನನ್ನನ್ನು ನಡುವೆ ಕೂರಿಸಿದರು. ಸ್ಟಾನ್ ಒಳಗಿನಿಂದ ಅಕಾರ್ಡಿಯನ್ ತಂದು ನುಡಿಸಿದ, ಎಲ್ಲರೂ ಚಪ್ಪಾಳೆ ತಟ್ಟಿದರು, ಖಾಲಾ ಅವರ ಮೊಮ್ಮಗು ಚಮಚದಿಂದ ತಟ್ಟೆ ಬಾರಿಸಿತು. ಕಡೆಗೆ ಸ್ಟಾನ್ ಎದ್ದು ನಿಂತ. ಬಸವರಾಜ ಎಂಬ ಹೆಸರು ಅವನ ಬಾಯಲ್ಲಿ ಹೊರಳದೆ ಅವನು ನನ್ನನ್ನು "ಬಾಸ್" ಎನ್ನುತ್ತಿದ್ದ.

"ನಾನು ಬಾಸ್‌ನನ್ನು ಹುಚ್ಚ ಎಂದುಕೊಂಡಿದ್ದೆ" ಎಂದ. "ಹುಚ್ಚ ನಾನು. ಇವರು ಇಷ್ಟಪಡುವವರೆಗೂ ಈ ಕಟ್ಟಡದಲ್ಲಿ ಇರಲಿ. ಇದು ನನ್ನ ಮಾತು!"

ಶರಣಮ್ಮ ನನ್ನ ಕಡೆ ನೋಡಿದಳು. ಮದುವೆಯ ದಿನವೂ ಹಾಗೆ ನೋಡಿರಲಿಲ್ಲ. ನಾನು ಮೀಸೆಗೆ ಕೈ ಹಾಕಿದೆ.

ಟಪ್.

ಸ್ಟಾನ್‌ನ ಸಾರಿನೊಳಗೆ ಒಂದು ಹನಿ ಬಿತ್ತು. ಎಲ್ಲರೂ ಮೇಲೆ ನೋಡಿದೆವು. ಟಪ್, ಟಪ್, ಆಮೇಲೆ ಸಣ್ಣ ಧಾರೆ. ನಂತರ ಖಾಲಾ ಎರಡೂ ಕೈ ಎತ್ತಿ, "ಪಾನಿ ಆ ಗಯಾ!" ಎಂದು ಕೂಗಿದರು. ನೀರು ಬಂತೆಂದು ಎಲ್ಲರೂ ಎದ್ದು ಕುಣಿದರು! ಸ್ಟಾನ್ ನನ್ನನ್ನು ತಬ್ಬಿಕೊಂಡ!

ಶರಣಮ್ಮ ಮಾತ್ರ ಕುಣಿಯಲಿಲ್ಲ. ಮುಖದ ಮೇಲಿನ ನಗು ಕದಲದಂತೆ ಮೆಲ್ಲಗೆ ಕೇಳಿದಳು. "ನಲ್ಲಿ ಬಿಟ್ಟು ಬಂದೀರೇನು?"

"ಹ್ಞೂಂ."

"ತೊಟ್ಟಿಗೆ ಬೂಚು?"

"ಬಿಗಿದೀನಿ."

"ಮ್ಯಾಲಿನ ತೂತು?"

ಉತ್ತರವನ್ನು ಛಾವಣಿಯೇ ಕೊಟ್ಟಿತು. ರೊಟ್ಟಿಯಗಲದ ಗಾರೆಯ ತುಂಡೊಂದು ಕಳಚಿ ಬಂದು ಸಾರಿನ ಪಾತ್ರೆಯ ನಡುವೆ ಬಿತ್ತು. ಸಾರು ಎಲ್ಲರ ಬಟ್ಟೆಗೂ ಸಮನಾಗಿ ಹಂಚಿಹೋಯಿತು. ಅದಕ್ಕೆ ಮಾತ್ರ ಯಾರೂ ಪಾಳಿ ಹಿಡಿಯಬೇಕಾಗಲಿಲ್ಲ.

ನಾನು ಮೇಲೆ ಓಡಿದೆ. ಕೊಡ ತನ್ನ ಕರ್ತವ್ಯ ಮಾಡಿತ್ತು. ಢಣಢಣ ಎಂದು ಎಷ್ಟು ಹೊತ್ತು ಕೂಗಿತ್ತೋ, ಈಗ ತುಂಬಿದ ತೊಟ್ಟಿಯ ತಳದಲ್ಲಿ ತಣ್ಣಗೆ ಮಲಗಿತ್ತು. ಕೇಳುವ ಕಿವಿಗಳು ಕೆಳಗೆ ತಮ್ಮ ಹೊಗಳಿಕೆಯನ್ನು ಕೇಳುತ್ತಿದ್ದವು.

ಸ್ಟಾನ್ ಮಾತಿಗೆ ತಪ್ಪುವವನಲ್ಲ. ಕರಾರು ಮುಂದುವರಿಯಿತು. ಶರಣಮ್ಮ ಈಗಲೂ ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಾಳೆ. ಒಂದೇ ಬದಲಾವಣೆಯೆಂದರೆ, ಛಾವಣಿ ರಿಪೇರಿಯಾದ ಮೇಲೆ ಸ್ಟಾನ್ ನಮ್ಮ ಮನೆಗೆ ಹತ್ತಿದ, ನಾವು ಅವನ ಮನೆಗೆ ಇಳಿದೆವು. "ಬಾಸ್, ನಿಮ್ಮ ಕೆಳಗೆ ಭೂಮಿ ಮಾತ್ರ ಇದ್ದರೆ ಎಲ್ಲರಿಗೂ ಕ್ಷೇಮ" ಎಂದ. ವಿದಾಯದ ಕಾಣಿಕೆಯಾಗಿ ಕೊಡವನ್ನು ಅವನಿಗೇ ಕೊಟ್ಟುಬಿಟ್ಟೆ. ಬಳಸುವ ವಿಧಾನವನ್ನೂ, ತೊಟ್ಟಿಗೆ ಬೂಚು ಬಿಗಿಯುವುದರಿಂದ ಹಿಡಿದು, ವಿವರವಾಗಿ ಹೇಳಿಕೊಟ್ಟೆ.

ಮೊನ್ನೆ ಶನಿವಾರ ಪೈಪು ಕೆಲಸಕ್ಕೆಂದು ಬೆಳಿಗ್ಗೆ ನೀರು ನಿಲ್ಲಿಸುವುದಾಗಿ ಹೇಳಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಮೇಲಿನಿಂದ ಢಣಢಣ ಎಂದು ಸದ್ದು ಬಂತು. ಸಂತೋಷಪಟ್ಟೆ. ಶಿಷ್ಯ ತಯಾರಾಗಿದ್ದಾನೆ! ಕೊಡ ತುಂಬಿ ಸದ್ದು ನಿಂತಿತು. ಯಾರೂ ಓಡಿದ ಹೆಜ್ಜೆ ಕೇಳಲಿಲ್ಲ. ಆಗ ನೆನಪಾಯಿತು, ಸ್ಟಾನ್ ಶನಿವಾರ ಮಧ್ಯಾಹ್ನ ಕಿವಿಯ ಯಂತ್ರ ತೆಗೆದಿಟ್ಟು ಮಲಗುತ್ತಾನೆ. ಆ ತೊಟ್ಟಿಯ ತೂತಿಗೆ ನಾನು ಮೆತ್ತಿದ ಅಂಟು ಇನ್ನೂ ಹಾಗೇ ಇದೆ. ಬಹಳ ಗಟ್ಟಿ ಅಂಟು, ನಮ್ಮ ಅಂಗಡಿಯದು.

ಶರಣಮ್ಮ ತನ್ನ ತಟ್ಟೆಯನ್ನು ಎತ್ತಿಕೊಂಡು ಗೋಡೆಯ ಪಕ್ಕಕ್ಕೆ ಸರಿದಳು. ನನ್ನ ತಟ್ಟೆ ಅಲ್ಲೇ ಇತ್ತು.

ಟಪ್.